ಬೇಳೆಯಿಂದ ಇಂಡೋನೇಶಿಯದವರೆಗೆ: 1946ರ ನಾವಿಕರ ಬಂಡಾಯ

ನಮ್ಮ ಉತ್ತರಪತ್ರಿಕೆಗಳಲ್ಲಿ ಸ್ವಾತಂತ್ರ್ಯ ಹೋರಾಟ 1942ರ ಗೋವಾಲಿಯಾ ಟ್ಯಾಂಕ್ ಮೈದಾನಕ್ಕೆ ಬಂದು ನಿಲ್ಲುತ್ತದೆ. ಅಲ್ಲಿಂದ ಒಂದೇ ನೆಗೆತ, 1947ರ ಆಗಸ್ಟ್ 15. ನಡುವಿನ ಐದು ವರ್ಷ ಜನ ಕೈಕಟ್ಟಿ ಕೂತಿದ್ದರೋ ಅನ್ನುವ ಹಾಗೆ. ಆ ಐದು ವರ್ಷಗಳೊಳಗಿನ ಐದಾರು ದಿನ, ಇದೇ ನಮ್ಮ ಮುಂಬಯಿಯಲ್ಲಿ, ಬ್ರಿಟಿಷರ ಫಿರಂಗಿಗಳ ಬಾಯಿ ಬ್ರಿಟಿಷರ ಕಡೆಗೇ ತಿರುಗಿತ್ತು. ಈ ಲೇಖನ ಆ ದಿನಗಳ ಬಗ್ಗೆ.

ರಾಯಲ್ ಇಂಡಿಯನ್ ನೇವಿ ಮೊದಲು ಸಣ್ಣದಿತ್ತು. ಎರಡನೆಯ ಮಹಾಯುದ್ಧ ಬಂದದ್ದೇ ತಡ, ಅದು ಹಲವು ಪಟ್ಟು ಬೆಳೆಯಿತು. ಒಳ್ಳೆಯ ಕೆಲಸ, ಒಳ್ಳೆಯ ಭವಿಷ್ಯ ಅಂತ ಜಾಹೀರಾತು ನೋಡಿ, ನಾಲ್ಕಕ್ಷರ ಕಲಿತ ಹುಡುಗರು ಸೇರಿದರು. ಒಳಗೆ ಹೋದ ಮೇಲೆ ಗೊತ್ತಾಯಿತು: ಅದೇ ಕೆಲಸಕ್ಕೆ ಬ್ರಿಟಿಷ್ ನಾವಿಕನಿಗೆ ಒಂದು ಸಂಬಳ, ಇವರಿಗೆ ಇನ್ನೊಂದು. ಊಟ ಬಾಯಿಗಿಡುವ ಹಾಗಿರಲಿಲ್ಲ. ಮಾತು ಅದಕ್ಕಿಂತ ಕಹಿ. ಯುದ್ಧ ಮುಗಿದ ಮೇಲೆ ಮನೆಗೆ ಕಳಿಸುತ್ತಾರೆ, ಮುಂದೇನು ಅನ್ನುವ ಚಿಂತೆ ಬೇರೆ. ಅದೇ ಹೊತ್ತಿಗೆ, 1945ರ ನವೆಂಬರಿನಿಂದ, ದಿಲ್ಲಿಯ ಕೆಂಪುಕೋಟೆಯಲ್ಲಿ ಆಜಾದ್ ಹಿಂದ್ ಫೌಜಿನ ಶಾಹ ನವಾಜ್, ಸೆಹಗಲ್, ಧಿಲ್ಲೋನ್ ಅವರ ವಿಚಾರಣೆ ನಡೆಯುತ್ತಿತ್ತು. ಸಮವಸ್ತ್ರ ತೊಟ್ಟವನೂ ದೇಶದ ಕಡೆ ನಿಲ್ಲಬಹುದು ಅನ್ನುವ ಮಾತು ಬ್ಯಾರಕ್ಕುಗಳಿಗೆ ತಲುಪಿತು.

'ತಲ್ವಾರ್' ಅಂದರೆ ಹಡಗು ಅಂದುಕೊಳ್ಳಬೇಡಿ. ಅದು ಕೊಲಾಬಾದಲ್ಲಿ ನೆಲದ ಮೇಲೇ ಇದ್ದ ಶಾಲೆ. ವೈರ್‌ಲೆಸ್, ಸಿಗ್ನಲ್ ಕೆಲಸ ಕಲಿಸುವ ಜಾಗ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. 1945ರ ಡಿಸೆಂಬರ್ 1, ನೌಕಾದಿನ. ಅಂದು ಬೆಳಗಾಗುವಾಗ ಅದರ ಗೋಡೆಗಳ ಮೇಲೆ ಬ್ರಿಟಿಷರೇ ತೊಲಗಿ ಎಂಬ ಘೋಷಣೆಗಳಿದ್ದವು. 1946ರ ಫೆಬ್ರವರಿ ಆರಂಭದಲ್ಲಿ ಇಂಥದೇ ಬರಹಕ್ಕೆ ಬಿ. ಸಿ. ದತ್ತ ಎಂಬ ಟೆಲಿಗ್ರಾಫಿಸ್ಟ್ ಸಿಕ್ಕಿಬಿದ್ದರು. ತಲ್ವಾರ್‌ನ ಮೇಲಧಿಕಾರಿ ಕಮಾಂಡರ್ ಕಿಂಗ್. ಈತ ನಾವಿಕರನ್ನು ಕೂಲಿಗಳು, ಕಾಡುಜನರ ಮಕ್ಕಳು ಅಂತೆಲ್ಲ ಬೈದ. ದೂರು ಕೊಟ್ಟರು, ಪ್ರಯೋಜನವಾಗಲಿಲ್ಲ. ಫೆಬ್ರವರಿ 18ರ ಬೆಳಿಗ್ಗೆ ತಲ್ವಾರ್‌ನ ನಾವಿಕರು ತಟ್ಟೆ ಮುಟ್ಟಲಿಲ್ಲ. ಊಟ ಇಲ್ಲ, ಕೆಲಸವೂ ಇಲ್ಲ ಅಂದುಬಿಟ್ಟರು.

ಸಿಗ್ನಲ್ ಶಾಲೆ ಎಂದೆನಲ್ಲ, ಅದು ಇಲ್ಲಿ ಬಂತು. ಮುಷ್ಕರ ಹೂಡಿದವರ ಕೈಯಲ್ಲೇ ವೈರ್‌ಲೆಸ್ ಇತ್ತು. ಮರುದಿನಕ್ಕೆ ಬಂದರಿನ ಹಡಗುಗಳು, ಫೋರ್ಟಿನ ಕ್ಯಾಸಲ್ ಬ್ಯಾರಕ್ಸ್ ಎಲ್ಲ ಸೇರಿಕೊಂಡವು. ಆಮೇಲೆ ಕರಾಚಿ, ಮದ್ರಾಸು, ವಿಶಾಖಪಟ್ಟಣ, ಕಲ್ಕತ್ತೆ. ಕೊನೆಗೆ ಲೆಕ್ಕ ಹಾಕಿದಾಗ 78 ಹಡಗುಗಳು, 20 ದಡದ ಠಾಣೆಗಳು, ಸುಮಾರು 20,000 ನಾವಿಕರು. ಕೇಂದ್ರ ಮುಷ್ಕರ ಸಮಿತಿಗೆ ಎಂ. ಎಸ್. ಖಾನ್ ಅಧ್ಯಕ್ಷ, ಮದನ್ ಸಿಂಗ್ ಉಪಾಧ್ಯಕ್ಷ. ಯೂನಿಯನ್ ಜ್ಯಾಕ್ ಇಳಿಸಿ, ಕಾಂಗ್ರೆಸ್, ಮುಸ್ಲಿಂ ಲೀಗ್, ಕಮ್ಯುನಿಸ್ಟ್ ಪಕ್ಷ, ಮೂರರ ಬಾವುಟಗಳನ್ನೂ ಏರಿಸಿದರು. ದಡದ ಮೇಲೆ ಒಂದೇ ವೇದಿಕೆಯಲ್ಲಿ ಕೂರದ ಪಕ್ಷಗಳು ಇವು!

ಈಗ ಅವರ ಬೇಡಿಕೆಗಳನ್ನು ನೋಡಿ. ನನ್ನ ಮಟ್ಟಿಗೆ ಈ ಬಂಡಾಯದ ತಿರುಳು ಇರುವುದು ಅಲ್ಲೇ. ಒಳ್ಳೆಯ ಊಟ ಬೇಕು. ಬ್ರಿಟಿಷ್ ನಾವಿಕರಿಗೆ ಸಮನಾದ ಸಂಬಳ ಬೇಕು. ಕಿಂಗ್ ಮೇಲೆ ಕ್ರಮ ಆಗಬೇಕು. ಬೇಗ ಬಿಡುಗಡೆ ಮಾಡಿ ಮನೆಗೆ ಕಳಿಸಬೇಕು. ಅದೇ ಕಾಗದದಲ್ಲಿ, ಅದೇ ಉಸಿರಿನಲ್ಲಿ: ಆಜಾದ್ ಹಿಂದ್ ಫೌಜಿನವರನ್ನೂ ಎಲ್ಲ ರಾಜಕೀಯ ಕೈದಿಗಳನ್ನೂ ಬಿಡಬೇಕು, ಇಂಡೋನೇಶಿಯದಿಂದ ಭಾರತೀಯ ಸೈನ್ಯವನ್ನು ವಾಪಸು ಕರೆಸಬೇಕು.

ಇಂಡೋನೇಶಿಯ ಯಾಕೆ ಬಂತು? ಜಪಾನ್ ಸೋತ ಮೇಲೆ ಆ ದೇಶ ಸ್ವತಂತ್ರವೆಂದು ಸಾರಿಕೊಂಡಿತ್ತು. ಡಚ್ಚರಿಗೆ ಮತ್ತೆ ದಾರಿ ಮಾಡಿಕೊಡಲು ಬ್ರಿಟಿಷರು ಅಲ್ಲಿ ಇಳಿಸಿದ್ದು ಬಹುಪಾಲು ಭಾರತೀಯ ಸೈನಿಕರನ್ನೇ. 1945ರ ನವೆಂಬರಿನಲ್ಲಿ ಸುರಬಾಯದ ಬೀದಿಗಳಲ್ಲಿ ಇನ್ನೊಬ್ಬರ ಸ್ವಾತಂತ್ರ್ಯದ ಮೇಲೆ ಗುಂಡು ಹಾರಿಸಿದ ಬಂದೂಕು ಹಿಡಿದದ್ದು ನಮ್ಮವರ ಕೈ. ಈ ಹುಡುಗರಿಗೆ ಅದು ಚುಚ್ಚಿತು. ಕೆಲವರು ಇದನ್ನು ಬರಿಯ ಊಟದ ಗಲಾಟೆ ಅಂತಾರೆ. ಇನ್ನು ಕೆಲವರು ಊಟದ ಮಾತೆತ್ತಿದರೆ ಬಂಡಾಯದ ಘನತೆಗೆ ಕುಂದು ಅಂತ ಬೇಳೆಯನ್ನು ಮುಚ್ಚಿಡುತ್ತಾರೆ. ಇಬ್ಬರೂ ಆ ಕಾಗದವನ್ನು ಅರ್ಧ ಓದಿದವರು. ಕೆಟ್ಟ ಬೇಳೆ ಬಡಿಸಿದವನೂ ಸುರಬಾಯಕ್ಕೆ ಸೈನ್ಯ ಕಳಿಸಿದವನೂ ಒಬ್ಬನೇ ಯಜಮಾನ ಎಂಬುದು ಅವರಿಗೆ ಸ್ಪಷ್ಟವಾಗಿತ್ತು.

21ರಂದು ಕ್ಯಾಸಲ್ ಬ್ಯಾರಕ್ಸಿನಲ್ಲಿ ಗುಂಡಿನ ಕಾಳಗವೇ ಆಯಿತು. (ಏಶಿಯಾಟಿಕ್ ಲೈಬ್ರರಿಗೆ ಹೋಗುವವರು ಒಮ್ಮೆ ಹಿಂದುಗಡೆ ನೋಡಿ. ಈಗ ಐ.ಎನ್.ಎಸ್. ಆಂಗ್ರೆ ಎಂದು ಕರೆಯುವುದು ಅದನ್ನೇ.) ಅಡ್ಮಿರಲ್ ಗಾಡ್‌ಫ್ರೆ ರೇಡಿಯೋದಲ್ಲಿ ಬೆದರಿಸಿದ: ಇಡೀ ನೌಕಾಪಡೆ ನಾಶವಾದರೂ ಸರಿ, ಬಗ್ಗಿಸದೆ ಬಿಡುವುದಿಲ್ಲ. ಹಡಗಿನವರಿಗೆ ಅನ್ನನೀರು ನಿಂತಿತ್ತು. ಆಗ ಗೇಟ್‌ವೇ ಹತ್ತಿರ ಜನ ಜಮಾಯಿಸಿದರು, ಕೈಗೆ ಸಿಕ್ಕ ತಿಂಡಿ, ಹಣ್ಣು, ನೀರು ಹೊತ್ತುಕೊಂಡು. ನಾವಿಕರು ದೋಣಿಯಲ್ಲಿ ಬಂದು ಒಯ್ದರು. ಕಾವಲಿಗಿದ್ದ ಭಾರತೀಯ ಸಿಪಾಯಿಗಳು ತಡೆಯಲಿಲ್ಲ.

22ರಂದು ಕಮ್ಯುನಿಸ್ಟ್ ಪಕ್ಷ ಹರತಾಳಕ್ಕೆ ಕರೆ ಕೊಟ್ಟಿತು. ಅರುಣಾ ಅಸಫ್ ಅಲಿ, ಅಚ್ಯುತ ಪಟವರ್ಧನ್‌ರಂಥ ಸಮಾಜವಾದಿಗಳು ಜತೆಗೆ ನಿಂತರು. ಗಿರಣಿಗಳು ನಿಂತವು, ಲಕ್ಷಾಂತರ ಕಾರ್ಮಿಕರು ಬೀದಿಗಿಳಿದರು. ನೇವಿಯ ಸಂಬಳ ಹೆಚ್ಚಿದರೆ ಲಾಲ್‌ಬಾಗಿನ ಗಿರಣಿಯವನಿಗೆ ಒಂದು ಕಾಸೂ ಬರುವುದಿರಲಿಲ್ಲ. ಆದರೂ ಗುಂಡಿಗೆ ಎದೆಯೊಡ್ಡಿದ. ಪರೇಲಿನಲ್ಲಿ ಮಹಿಳಾ ಕಾರ್ಯಕರ್ತೆ ಕಮಲ್ ದೊಂದೆ ಗುಂಡೇಟಿಗೆ ಬಲಿಯಾದರು. ಸರ್ಕಾರಿ ಲೆಕ್ಕದಲ್ಲೇ ಸತ್ತ ನಾಗರಿಕರು 228, ಗಾಯಗೊಂಡವರು ಸಾವಿರದ ಮೇಲೆ.

ನಾಯಕರು ಏನೆಂದರು? ಸರ್ದಾರ್ ಪಟೇಲರು ಶರಣಾಗಿ ಅಂದರು, ಯಾರಿಗೂ ಶಿಕ್ಷೆಯಾಗದಂತೆ ಕಾಂಗ್ರೆಸ್ ನೋಡಿಕೊಳ್ಳುತ್ತದೆ ಎಂದು ಭರವಸೆ ಕೊಟ್ಟರು. ಜಿನ್ನಾ ಅವರದೂ ಶರಣಾಗುವ ಸಲಹೆಯೇ. ಪಟೇಲರ ಕಡೆಯ ವಾದವೂ ಇದೆ: ನಾಳೆ ನಮ್ಮದೇ ಆಗುವ ಸೈನ್ಯದಲ್ಲಿ ಶಿಸ್ತು ಮುರಿಯಬಾರದು, ಮಾತುಕತೆ ಹತ್ತಿರ ಬಂದಿರುವಾಗ ರಕ್ತ ಬೇಡ. ವಾದ ಹಗುರವಾದುದಲ್ಲ. 23ರ ಬೆಳಿಗ್ಗೆ ಹಡಗುಗಳ ಮೇಲೆ ಕಪ್ಪು ಬಾವುಟ ಏರಿತು. ತಾವು ಶರಣಾಗುತ್ತಿರುವುದು ಭಾರತಕ್ಕೇ ಹೊರತು ಬ್ರಿಟನ್‌ಗಲ್ಲ ಎಂದು ಸಮಿತಿ ಹೇಳಿತು. ಆದರೆ ಕೊಟ್ಟ ಭರವಸೆ ಉಳಿಯಲಿಲ್ಲ. ನೂರಾರು ನಾವಿಕರನ್ನು ಬಂಧಿಸಿ, ಕೆಲಸದಿಂದ ಕಿತ್ತುಹಾಕಿದರು. 1947ರ ನಂತರ ಭಾರತದ ನೌಕಾಪಡೆಯೂ ಅವರನ್ನು ವಾಪಸು ತೆಗೆದುಕೊಳ್ಳಲಿಲ್ಲ, ಪಾಕಿಸ್ತಾನದ್ದೂ ತೆಗೆದುಕೊಳ್ಳಲಿಲ್ಲ.

ಪರೀಕ್ಷೆಗೆ ಬರೆಯುವವರಿಗೆ ಒಂದು ಎಚ್ಚರಿಕೆ. ಬಂಡಾಯಕ್ಕೆ ಹೆದರಿ ಬ್ರಿಟಿಷರು ಕ್ಯಾಬಿನೆಟ್ ಮಿಷನ್ ಕಳಿಸಿದರು ಎಂದು ಭಾಷಣಗಳಲ್ಲಿ ಹೇಳ್ತಾರೆ. ಅಟ್ಲಿ ಅದನ್ನು ಪಾರ್ಲಿಮೆಂಟಿನಲ್ಲಿ ಪ್ರಕಟಿಸಿದ್ದು ಫೆಬ್ರವರಿ 19ರಂದು, ಅಂದರೆ ಮುಷ್ಕರದ ಎರಡನೆಯ ದಿನ. ನಿರ್ಧಾರ ಮೊದಲೇ ಆಗಿತ್ತು. ಭಾರತೀಯ ಪಡೆಗಳನ್ನು ನಂಬಿಕೊಂಡು ಇನ್ನು ಈ ದೇಶ ಆಳುವುದಾಗದು ಎಂಬುದನ್ನು ಬಂಡಾಯ ಖಚಿತಪಡಿಸಿತು ಅನ್ನಿ, ಅಷ್ಟು ಸಾಕು.

ಸಾಹಿತ್ಯದವರಿಗೂ ಇಲ್ಲಿ ಕೆಲಸವಿದೆ. ಉತ್ಪಲ್ ದತ್ತ ಇದೇ ವಸ್ತುವಿನ ಮೇಲೆ 'ಕಲ್ಲೋಲ್' ನಾಟಕವನ್ನು 1965ರಲ್ಲಿ ಕಲ್ಕತ್ತೆಯ ಮಿನರ್ವಾದಲ್ಲಿ ಆಡಿಸಿದರು. ಅದೇ ವರ್ಷ ಅವರನ್ನು ಜೈಲಿಗೂ ಹಾಕಿದರು.

ಮುಂದಿನ ಚರ್ಚಾಕೂಟಕ್ಕೆ ವಿಷಯ ಹೀಗಿರಲಿ. ಹಿಂಸೆಗಾಗಿ ಹಿಂದೂ ಮುಸ್ಲಿಮರು ಒಂದಾಗುವುದು ಅಪವಿತ್ರ ಎಂದು ಗಾಂಧೀಜಿ ಬರೆದರು. ಸಂವಿಧಾನದ ಮೇಜಿಗಿಂತ ಬೀದಿಯ ಅಡ್ಡಗಟ್ಟೆಯ ಮೇಲೇ ಅವರನ್ನು ಒಂದುಗೂಡಿಸುವುದು ಸುಲಭ ಎಂದರು ಅರುಣಾ. ಅಡ್ಡಗಟ್ಟೆಯ ಬದುಕಿನ ನಂತರ ಸಂವಿಧಾನದ ಬದುಕು ಬರಲೇಬೇಕಲ್ಲ ಎಂದು ಗಾಂಧೀಜಿ ಮರುನುಡಿದರು. ಒಂದೂವರೆ ವರ್ಷದಲ್ಲಿ ದೇಶ ಎರಡಾಯಿತು. ಇದಿಷ್ಟನ್ನೂ ಮುಂದಿಟ್ಟುಕೊಂಡು, ಯಾರು ಯಾರ ಕಡೆ ಮಾತಾಡುತ್ತೀರಿ ಎಂದು ಮೊದಲೇ ಕಾರ್ಯದರ್ಶಿಗೆ ಹೆಸರು ಕೊಡಿ.