ಕೈಕಾಗದಕ್ಕೂ ಬಟ್ಟೆಗೂ ಸ್ವಂತ ನಮೂನೆ: ಬಿಡುವಿನ ಕಾಲಕ್ಕೊಂದು ಪಾಠ



ಸುಗ್ಗಿ ಮುಗಿದು ಕಣದ ಕೆಲಸ ತೀರಿದ ಮೇಲೆ, ಮಳೆಯನ್ನೇ ನೆಚ್ಚಿದ ಹಳ್ಳಿಗಳಲ್ಲಿ ಮುಂಗಾರಿನ ತನಕ ಕೈಗೆ ಕೆಲಸ ಕಡಿಮೆ. ಈ ಬಿಡುವಿನಲ್ಲಿ ಕೈಕಾಗದದ ಚೀಲ, ಲಕೋಟೆ, ಪುಸ್ತಕದ ಹೊದಿಕೆ, ಅಚ್ಚೊತ್ತಿದ ಟವಲು, ದಿಂಬಿನ ಗವಸು ಮೊದಲಾದವುಗಳನ್ನು ಮಾಡಿ ನಾಲ್ಕು ಕಾಸು ಸಂಪಾದಿಸಲು ಕೆಲವು ಮನೆಗಳು ಮುಂದೆ ಬರುತ್ತವೆ. ಇದು ಸಂತೋಷದ ವಿಷಯ. ಆದರೆ ಸಂತೆಯಲ್ಲಿ ಇವುಗಳಿಗೆ ಸಿಕ್ಕುವ ಬೆಲೆ ಅಷ್ಟು ಸಂತೋಷ ಕೊಡುವಂಥದಲ್ಲ.

ಇದಕ್ಕೆ ಒಂದು ಮುಖ್ಯ ಕಾರಣವಿದೆ. ಪೇಟೆಯ ಸರಕಿನ ಮೇಲೆ ಕಂಡ ಹೂವನ್ನೇ ನಾವೂ ಒತ್ತುತ್ತೇವೆ. ಅದೇ ಹೂವನ್ನು ಗಿರಣಿಯ ಯಂತ್ರವು ಗಂಟೆಗೆ ನೂರಾರು ಮೀಟರು ಮುದ್ರಿಸುತ್ತದೆ. ಕೊಳ್ಳುವವನು ಎರಡನ್ನೂ ಪಕ್ಕದಲ್ಲಿಟ್ಟು ಬೆಲೆ ಕೇಳಿದಾಗ ನಮ್ಮ ಕೈಗೆಲಸಕ್ಕೆ ಯಂತ್ರದ ಬೆಲೆಯೇ ಗತಿಯಾಗುತ್ತದೆ. ಬೇರೆಲ್ಲೂ ಸಿಕ್ಕದ ನಮೂನೆ ನಮ್ಮಲ್ಲಿದ್ದರೆ ಬೆಲೆ ಹೇಳುವ ಬಾಯಿ ನಮ್ಮದಾಗುತ್ತದೆ. ಅಂಥ ನಮೂನೆಯನ್ನು ರಚಿಸುವ ಕ್ರಮವನ್ನು ಈ ಪಾಠದಲ್ಲಿ ಹಂತಹಂತವಾಗಿ ತಿಳಿಸಿದೆ.

ಈ ವಿದ್ಯೆ ನಮಗೆ ಹೊಸದಲ್ಲ

"ಚಿತ್ರ ಬರೆಯಲು ನಮಗೆಲ್ಲಿ ಬರುತ್ತದೆ?" ಎಂದು ಕೆಲವರು ಕೇಳಬಹುದು. ದಿನ ಬೆಳಗಾದರೆ ನಿಮ್ಮ ಮನೆಯ ಹೆಣ್ಣುಮಕ್ಕಳು ಬಾಗಿಲ ಮುಂದೆ ಚುಕ್ಕಿ ಎಣಿಸಿ ರಂಗೋಲಿ ಬಿಡುತ್ತಾರೆ. ಅಳತೆ, ಸಮತೂಕ, ಮರುಕಳಿಕೆ ಎಲ್ಲವೂ ಅದರಲ್ಲಿವೆ. ನಮೂನೆ ರಚಿಸುವವರಿಗೆ ಬೇಕಾದ ವಿದ್ಯೆಯೂ ಅದೇ.

ನಮ್ಮ ನಾಡಿನ ಹೆಸರಾಂತ ನಮೂನೆಗಳು ಎಲ್ಲಿಂದ ಹುಟ್ಟಿದವು ಎಂಬುದನ್ನೂ ನೋಡಿರಿ. ಇಳಕಲ್ ಸೀರೆಯ ಸೆರಗಿನಲ್ಲಿ ಹಣಿಗೆ, ಕೋಟೆ, ಜೋಳದ ತೆನೆ ಇವುಗಳ ಆಕಾರವಿದೆ. ಧಾರವಾಡ ಕಡೆಯ ಕಸೂತಿಯಲ್ಲಿ ಗೋಪುರ, ತೇರು, ಆನೆ, ತುಳಸಿಕಟ್ಟೆ ಬರುತ್ತವೆ. ಅದರ ನಾಲ್ಕು ಹೊಲಿಗೆಗಳಾದ ಗಾವಂತಿ, ಮುರ್ಗಿ, ನೇಯ್ಗಿ, ಮೆಂತೆ ಇವುಗಳಲ್ಲಿ ಕೊನೆಯದಕ್ಕೆ ಮೆಂತ್ಯದ ಕಾಳಿನ ಹೆಸರೇ ನಿಂತಿದೆ. ಕಸೂತಿ ಹಾಕುವವರು ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳದೆ ಎಳೆಗಳನ್ನು ಎಣಿಸಿಯೇ ಹೊಲಿಯುತ್ತಾರೆ. ಮಲೆನಾಡಿನ ದೀವರ ಮನೆಗಳಲ್ಲಿ ಭೂಮಿ ಹುಣ್ಣಿಮೆಗೆ ಮುಂಚೆ ಹೆಂಗಸರು ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳುಪಿನಿಂದ ಅದರ ಮೇಲೆ ಚಿತ್ತಾರ ಬರೆಯುತ್ತಾರೆ. ಇವರೆಲ್ಲರೂ ಕಣ್ಣೆದುರಿಗಿದ್ದುದನ್ನೇ ಕಂಡು ಬರೆದವರು.

ಒಂದನೆಯ ಹಂತ: ನೋಡುವುದು

ಮೊದಲು ನಿಮ್ಮ ಹೊಲದಲ್ಲಿ ಅಥವಾ ಹಿತ್ತಿಲಲ್ಲಿ ಒಂದೇ ಒಂದು ವಸ್ತುವನ್ನು ಆರಿಸಿಕೊಳ್ಳಿರಿ. ಮುಷ್ಟಿ ಮಡಿಸಿದ ಬೆರಳುಗಳಂತಿರುವ ರಾಗಿ ತೆನೆ, ಅವರೆಕಾಯಿ, ಹುಣಸೆ ಎಲೆ, ಕೂರಿಗೆ ಎಳೆದ ಗೆರೆ, ನೊಗ, ಯಾವುದಾದರೂ ಆಗಬಹುದು. ಅದನ್ನು ಎದುರಿಗಿಟ್ಟುಕೊಂಡು ಕಂಡಂತೆ ಒಮ್ಮೆ ಬರೆಯಿರಿ. ಎರಡನೆಯ ಸಲ ಹತ್ತೇ ಗೆರೆಗಳಲ್ಲಿ ಬರೆಯಿರಿ. ಮೂರನೆಯ ಸಲ ಆರೇ ಗೆರೆಗಳಲ್ಲಿ ಬರೆಯಿರಿ. ರಾಗಿ ತೆನೆಗೆ ಒಳಕ್ಕೆ ಬಾಗಿದ ಐದು ಗೆರೆ, ಕೆಳಗೊಂದು ದಂಟು, ಇಷ್ಟು ಸಾಕು. ಏನೆಂದು ಹೇಳದೆ ಪಕ್ಕದ ಮನೆಯವರಿಗೆ ತೋರಿಸಿರಿ. ಅವರು "ರಾಗಿ ತೆನೆ" ಎಂದರೆ ಚಿತ್ರ ಸಿದ್ಧವಾಯಿತೆಂದು ತಿಳಿಯಿರಿ.

ಇನ್ನೊಬ್ಬರ ನಮೂನೆಯನ್ನು ಪಕ್ಕದಲ್ಲಿಟ್ಟುಕೊಂಡು ಬರೆಯಬಾರದು. ಕೈ ತಾನಾಗಿ ಅದನ್ನೇ ಹಿಂಬಾಲಿಸುತ್ತದೆ. ರಾಗಿ ತೆನೆ ಎಲ್ಲರ ಸೊತ್ತು, ಆದರೆ ಅದನ್ನು ನೀವು ನೋಡಿ ಗೆರೆಗಿಳಿಸಿದ ಬಗೆ ನಿಮ್ಮದು.

ಎರಡನೆಯ ಹಂತ: ಸಾಲು ಹಿಡಿಯುವುದು

ಒಂಟಿ ಚಿತ್ರವು ನಮೂನೆಯಾಗುವುದಿಲ್ಲ. ಅದು ಒಂದು ಕ್ರಮದಲ್ಲಿ ಮರಳಿ ಮರಳಿ ಬರಬೇಕು. ಈ ಕ್ರಮವನ್ನು ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ, ತೋಟದ ಗುಣಿಗಳನ್ನು ನೆನೆದರೆ ಸಾಕು.

(ಅ) ಚೌಕ ಪದ್ಧತಿ: ಗಿಡದ ಎದುರಿಗೆ ಗಿಡ ಬರುವಂತೆ ಚಿತ್ರದ ಕೆಳಗೆ ಚಿತ್ರ ಬರುತ್ತದೆ. ನೋಟಕ್ಕೆ ಬಿಗಿಯಾಗಿರುತ್ತದೆ.

(ಆ) ತ್ರಿಕೋನ ಪದ್ಧತಿ: ಎರಡು ಗಿಡಗಳ ನಡುವಿನ ಸಂದಿಗೆ ಮುಂದಿನ ಸಾಲಿನ ಗಿಡ ಬರುತ್ತದೆ. ರಂಗೋಲಿಯಲ್ಲಿ ಸಂದಿಗೆ ಚುಕ್ಕಿ ಇಡುವುದೂ ಹೀಗೆಯೇ. ಬಟ್ಟೆಯ ಒಡಲಿಗೆ ಹರಡುವ ಬುಟ್ಟಾಗಳಿಗೆ ಇದು ಬಹಳ ಚೆನ್ನಾಗಿ ಒಪ್ಪುತ್ತದೆ.

(ಇ) ಅಕ್ಕಡಿ ಪದ್ಧತಿ: ರಾಗಿಯ ಕೆಲವು ಸಾಲುಗಳಾದ ಮೇಲೆ ಅವರೆಯ ಒಂದು ಸಾಲು ಬರುವಂತೆ, ಸಣ್ಣ ಚಿತ್ರದ ಕೆಲವು ಸಾಲುಗಳ ನಡುವೆ ಬೇರೊಂದು ಚಿತ್ರದ ಸಾಲು ಬರುತ್ತದೆ. ಟವಲಿನ ಅಂಚಿಗೂ ಪುಸ್ತಕದ ಹೊದಿಕೆಗೂ ಇದು ಅನುಕೂಲ.

ಮೂರನೆಯ ಹಂತ: ಜೋಡಣೆ ಕಾಣದಂತೆ ಮಾಡುವುದು

ಚಿತ್ರವನ್ನು ಸುಮ್ಮನೆ ಸಾಲಾಗಿ ಒತ್ತಿದರೆ ಚೌಕಗಳ ನಡುವೆ ಖಾಲಿ ಓಣಿಗಳು ಎದ್ದು ಕಾಣುತ್ತವೆ. ಅದನ್ನು ತಪ್ಪಿಸಲು ಒಂದು ಸುಲಭ ಉಪಾಯವಿದೆ.

೧. ೧೨ ಸೆಂಟಿಮೀಟರಿನ ಚೌಕ ಕಾಗದದ ನಡುವೆ ನಿಮ್ಮ ಚಿತ್ರವನ್ನು ಬರೆಯಿರಿ. ಯಾವ ಅಂಚಿಗೂ ತಗಲಬಾರದು.

೨. ಕಾಗದವನ್ನು ಮೇಲಿನಿಂದ ಕೆಳಗೆ ಸರಿಯಾಗಿ ಅರ್ಧಕ್ಕೆ ಕತ್ತರಿಸಿರಿ. ಎಡತುಂಡನ್ನು ಬಲಕ್ಕೂ ಬಲತುಂಡನ್ನು ಎಡಕ್ಕೂ ಇಟ್ಟು ಹಿಂದಿನಿಂದ ಅಂಟಿಸಿರಿ. ಈಗ ಹಳೆಯ ಅಂಚುಗಳು ನಡುವಿಗೆ ಬಂದು, ಅಲ್ಲಿ ಜಾಗ ಖಾಲಿಯಾಗಿರುತ್ತದೆ. ಎಲೆ, ಬಳ್ಳಿ, ಚುಕ್ಕಿಗಳಿಂದ ಅದನ್ನು ತುಂಬಿರಿ. ಹೊರ ಅಂಚನ್ನು ಮುಟ್ಟಬೇಡಿರಿ.

೩. ಈಗ ಅಡ್ಡಲಾಗಿ ಅರ್ಧಕ್ಕೆ ಕತ್ತರಿಸಿರಿ. ಮೇಲಿನದನ್ನು ಕೆಳಕ್ಕೂ ಕೆಳಗಿನದನ್ನು ಮೇಲಕ್ಕೂ ಇಟ್ಟು ಅಂಟಿಸಿರಿ. ನಡುವೆ ಉಳಿದ ಖಾಲಿ ಜಾಗವನ್ನು ಅದೇ ರೀತಿ ತುಂಬಿರಿ.

೪. ಇದರ ಒಂಬತ್ತು ನಕಲು ತೆಗೆದು, ಮೂರು ಸಾಲಿನಲ್ಲಿ ಮೂರು ಮೂರರಂತೆ ಜೋಡಿಸಿರಿ. ಗೆರೆಗಳು ಒಂದು ಚೌಕದಿಂದ ಮುಂದಿನದಕ್ಕೆ ಕೂಡಿಕೊಂಡು ಹೋಗುತ್ತವೆ. ಗೋಡೆಗೆ ಒರಗಿಸಿ ಐದಾರು ಅಡಿ ದೂರದಿಂದ ನೋಡಿರಿ. ಬಿಳಿಯ ಓಣಿಯಾಗಲಿ ಕರಿಯ ಗುಂಪಾಗಲಿ ಕಂಡರೆ ಅಲ್ಲಿ ತಿದ್ದಿರಿ.

ಮೊದಲು ಒಂದೇ ಕಪ್ಪು ಬಣ್ಣದಲ್ಲಿ ಸರಿ ಕಾಣುವ ತನಕ ತಿದ್ದಿ, ಆ ಮೇಲೆ ಬೇರೆ ಬಣ್ಣಗಳನ್ನು ಸೇರಿಸಿರಿ. ಎರಡು ಅಥವಾ ಮೂರು ಬಣ್ಣ ಸಾಕು. ಬಣ್ಣ ಹೆಚ್ಚಿದಷ್ಟೂ ಅಚ್ಚುಗಳು ಹೆಚ್ಚುತ್ತವೆ, ಖರ್ಚೂ ಹೆಚ್ಚುತ್ತದೆ.

ನಾಲ್ಕನೆಯ ಹಂತ: ಅಳತೆಯ ಲೆಕ್ಕ

ಅಚ್ಚು ಕೆತ್ತಿಸುವ ಮೊದಲು ಮಾಡುವ ವಸ್ತುವಿನ ಅಳತೆ ತಿಳಿದಿರಬೇಕು. ಪುಸ್ತಕದ ಹೊದಿಕೆಯ ಹಾಳೆ ೨೪ ಸೆಂ.ಮೀ. ಅಗಲ, ೩೬ ಸೆಂ.ಮೀ. ಉದ್ದ ಇದೆಯೆನ್ನಿ. ೬ ಸೆಂ.ಮೀ. ಅಚ್ಚಾದರೆ ಅಗಲಕ್ಕೆ ೪, ಉದ್ದಕ್ಕೆ ೬, ಒಟ್ಟು ೨೪ ಒತ್ತುಗಳಲ್ಲಿ ಹಾಳೆ ಸರಿಯಾಗಿ ತುಂಬುತ್ತದೆ. ೫ ಸೆಂ.ಮೀ. ಅಚ್ಚಾದರೆ ಎರಡು ಕಡೆಯೂ ಚಿತ್ರ ಅರ್ಧಕ್ಕೆ ತುಂಡಾಗುತ್ತದೆ.

ಕೂಲಿಯ ಲೆಕ್ಕವೂ ಇಲ್ಲಿಯೇ ಅಡಗಿದೆ. ೬೦ ಸೆಂ.ಮೀ. ಅಗಲ, ೧೮೦ ಸೆಂ.ಮೀ. ಉದ್ದದ ಬಟ್ಟೆಯನ್ನು ೬ ಸೆಂ.ಮೀ. ಅಚ್ಚಿನಿಂದ ತುಂಬಲು ೩೦೦ ಒತ್ತು ಬೇಕು. ೧೨ ಸೆಂ.ಮೀ. ಅಚ್ಚಿನಲ್ಲಿ ನಾಲ್ಕು ಚಿತ್ರಗಳನ್ನು ಕೆತ್ತಿಸಿದರೆ ೭೫ ಒತ್ತು ಸಾಕು. ಒಂದು ಒತ್ತಿಗೆ ಹತ್ತು ಸೆಕೆಂಡು ಹಿಡಿದರೆ ಮೊದಲನೆಯದಕ್ಕೆ ೫೦ ನಿಮಿಷ, ಎರಡನೆಯದಕ್ಕೆ ಹನ್ನೆರಡೂವರೆ ನಿಮಿಷ. ನಮೂನೆ ಅದೇ, ಅಂದವೂ ಅದೇ, ಉಳಿದ ಸಮಯ ನಿಮ್ಮದು.

ಐದನೆಯ ಹಂತ: ಪರೀಕ್ಷೆ ಮಾಡಿ ಒತ್ತುವುದು

ಆರಂಭದಲ್ಲಿ ಮರದ ಅಚ್ಚಿಗೆ ಹಣ ಹಾಕಬೇಡಿರಿ. ಆಲೂಗೆಡ್ಡೆಯನ್ನು ಅರ್ಧಕ್ಕೆ ಕೊಯ್ದು ಅದರ ಮೇಲೆ ಚಿತ್ರ ಕೆತ್ತಿ ಒತ್ತಿ ನೋಡಿರಿ. ಬೆಂಡೆಕಾಯಿಯನ್ನು ಅಡ್ಡ ಕೊಯ್ದರೆ ನಕ್ಷತ್ರದಂಥ ಹೂವೇ ಸಿಕ್ಕುತ್ತದೆ. ಮನಸ್ಸಿಗೆ ಒಪ್ಪಿದ ಮೇಲೆ ತೇಗ ಅಥವಾ ಬೀಟೆಯಂಥ ಗಟ್ಟಿ ಮರದಲ್ಲಿ ಅಚ್ಚು ಮಾಡಿಸಿರಿ. ಮುಂದಿನ ಒತ್ತು ಎಲ್ಲಿಂದ ಎಂದು ತಿಳಿಯಲು ಅಚ್ಚಿನ ಮೂಲೆಗಳಲ್ಲಿ ಸಣ್ಣ ಚುಕ್ಕಿಯ ಗುರುತು ಇರಲಿ.

ಹತ್ತಿಯ ಚಿಂದಿ, ಬಾಳೆಯ ನಾರು ಮೊದಲಾದವುಗಳಿಂದ ಮಾಡಿದ ಕೈಕಾಗದದ ಮೈ ತರಿತರಿಯಾಗಿರುತ್ತದೆ. ಅದರ ಮೇಲೆ ಕೂದಲೆಳೆಯಂಥ ಗೆರೆ ಒಡೆದು ಕಾಣುತ್ತದೆ. ಆದ್ದರಿಂದ ಕಾಗದಕ್ಕೆ ಗೆರೆ ದಪ್ಪವಾಗಿರಲಿ, ಬಣ್ಣ ಗಟ್ಟಿಯಾಗಿರಲಿ. ನೀರು ಹೆಚ್ಚಾದರೆ ಬಣ್ಣ ಹರಡುತ್ತದೆ. ಚೀಲ ಮತ್ತು ಲಕೋಟೆಗಳಲ್ಲಿ ಮಡಿಕೆ ಬರುವ ಕಡೆ ಮುಖ್ಯ ಚಿತ್ರ ಬೀಳದಂತೆ ಮೊದಲೇ ಗುರುತು ಹಾಕಿಕೊಳ್ಳಿರಿ. ಬಟ್ಟೆಯಾದರೆ ಮೊದಲು ಒಗೆದು ಗಂಜಿ ತೆಗೆಯತಕ್ಕದ್ದು. ಗಂಜಿ ಉಳಿದರೆ ಬಣ್ಣ ಎಳೆಗೆ ಹಿಡಿಯುವುದಿಲ್ಲ. ಅಂಟು ಬೆರೆಸಿದ ಬಣ್ಣ ಒತ್ತಿದ್ದರೆ, ಚೆನ್ನಾಗಿ ಒಣಗಿದ ಮೇಲೆ ಹಿಂಬದಿಯಿಂದ ಬಿಸಿ ಇಸ್ತ್ರಿ ಹಾಕಿರಿ. ಒಂದು ತುಂಡನ್ನು ಒಗೆದು ನೋಡಿದ ಹೊರತು ಯಾವುದನ್ನೂ ಮಾರಾಟಕ್ಕೆ ಕಳುಹಿಸಬೇಡಿರಿ.

ನಮೂನೆಯ ಒಡೆತನ

ಪ್ರತಿಯೊಂದು ಸಂಘವೂ ಒಂದು ನಮೂನೆ ಪುಸ್ತಕವನ್ನು ಇಡತಕ್ಕದ್ದು. ಚಿತ್ರ, ಬರೆದವರ ಹೆಸರು, ತಾರೀಖು, ಯಾವ ವಸ್ತುವಿಗೆ ಒತ್ತಿದ್ದು, ಎಷ್ಟು ಮಾರಾಟವಾಯಿತು ಎಂಬುದನ್ನು ಅದರಲ್ಲಿ ಬರೆದಿಡಿರಿ. ಬರೆದ ಹೆಣ್ಣುಮಗಳ ಹೆಸರು ಅಲ್ಲಿ ಇರಲೇಬೇಕು. ಒತ್ತಿದವರಿಗೆ ಕೂಲಿ ಸಲ್ಲುವಂತೆ ನಮೂನೆ ಕಟ್ಟಿದವರಿಗೂ ಒಂದು ಪಾಲು ಸಲ್ಲಬೇಕು. ಇದನ್ನು ಸಂಘದ ಸಭೆಯಲ್ಲಿ ಮೊದಲೇ ತೀರ್ಮಾನಿಸಿಕೊಂಡರೆ ಮುಂದೆ ಮನಸ್ತಾಪಕ್ಕೆ ಎಡೆಯಿಲ್ಲ.

೨೦೦೦ನೆಯ ಇಸವಿಯ ವಿನ್ಯಾಸಗಳ ಕಾಯಿದೆಯ ಪ್ರಕಾರ ಹೊಸ ನಮೂನೆಯನ್ನು ನೋಂದಾಯಿಸಬಹುದು. ರಕ್ಷಣೆ ಹತ್ತು ವರ್ಷ, ಮತ್ತೆ ಐದು ವರ್ಷ ಮುಂದುವರಿಸಬಹುದು. ಆದರೆ ಮೊದಲೇ ಪ್ರಕಟವಾದ ನಮೂನೆಗೆ ಇದು ಸಿಕ್ಕುವುದಿಲ್ಲ. ಆದ್ದರಿಂದ ದೊಡ್ಡ ಬೇಡಿಕೆ ಬರುವಂಥ ನಮೂನೆಯಿದ್ದರೆ ಸಂತೆಗೆ ಒಯ್ಯುವ ಮೊದಲೇ ಅರ್ಜಿ ಹಾಕಬೇಕು. ಹಾಗೆಯೇ ಇನ್ನೊಬ್ಬರ ಹಕ್ಕನ್ನೂ ಗೌರವಿಸಬೇಕು. ಇಳಕಲ್ ಸೀರೆಗೂ ಕಸೂತಿಗೂ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಅಚ್ಚಿನಿಂದ ಒತ್ತಿದ್ದನ್ನು ಕಸೂತಿ ಎಂದು ಹೇಳಿ ಮಾರುವುದು ತಪ್ಪು, ಎಳೆ ಎಣಿಸಿ ಹೊಲಿಯುವವರ ಅನ್ನಕ್ಕೂ ಕುತ್ತು.

ಈ ತಿಂಗಳ ಅಭ್ಯಾಸ

ಹದಿನೈದು ದಿನಗಳಲ್ಲಿ ಮನೆಗೊಂದು ವಸ್ತುವನ್ನು ಆರಿಸಿ, ಆರು ಗೆರೆಗಳಿಗೆ ಇಳಿಸಿ, ೧೨ ಸೆಂ.ಮೀ. ಚೌಕದಲ್ಲಿ ಮೇಲೆ ಹೇಳಿದಂತೆ ನಮೂನೆ ಕಟ್ಟಿರಿ. ಒಂಬತ್ತು ನಕಲುಗಳನ್ನು ಜೋಡಿಸಿದ ಹಾಳೆಯನ್ನು ಸಂಘದ ಸಭೆಗೆ ತನ್ನಿರಿ. ಗಂಡಸರು "ಇದು ಹೆಂಗಸರ ಕೆಲಸ" ಎಂದು ದೂರ ನಿಲ್ಲಬಾರದು. ಸಾಲು ಹಿಡಿಯುವುದರಲ್ಲಿ, ಅಂತರ ಅಳೆಯುವುದರಲ್ಲಿ ಕಣ್ಣು ಪಳಗಿದವರು ನೀವು. ಹತ್ತು ಮನೆಗಳಿಂದ ಹತ್ತು ಹಾಳೆಗಳು ಬಂದರೆ ಅವುಗಳಲ್ಲಿ ಎರಡನ್ನು ಎಲ್ಲರೂ ಕೂಡಿ ಆರಿಸಿ ಅಚ್ಚು ಮಾಡಿಸೋಣ. ಉಳಿದ ಎಂಟು ನಮೂನೆಗಳು ಪುಸ್ತಕದಲ್ಲಿ ಬರೆದವರ ಹೆಸರಿನೊಡನೆ ಮುಂದಿನ ಬಿಡುವಿಗೆ ಕಾದಿರಲಿ.