ಮನೆಯಂಗಳದ ಗರಡಿ: ಒಂಟಿ ಸಾಮು, ಜೋಡಿ ಸಾಮು

ಗರಡಿ ಎಂಬ ಮಾತು ನಮ್ಮ ಗಡಿನಾಡಿಗೆ ಹೊಸದಲ್ಲ. ನಾವು ಗರಡಿ ಸಾಮು ಎಂದರೆ ತೆಲುಗು ಮಾತನಾಡುವ ನೆರೆಯವರು ಸಾಮು ಗರಿಡಿ ಎನ್ನುತ್ತಾರೆ, ವಿದ್ಯೆ ಒಂದೇ. 2022ರ ಪುನರ್ವಿಂಗಡಣೆಯಲ್ಲಿ ಹಿಂದೂಪುರವು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗವು ಅನಂತಪುರ ಜಿಲ್ಲೆಯಲ್ಲಿಯೇ ಉಳಿಯಿತು. ಆದರೆ ಎರಡೂ ಊರುಗಳ ಕನ್ನಡ ಮನೆಗಳಲ್ಲಿ ನನಗೆ ಎದುರಾಗುವ ಪ್ರಶ್ನೆ ಒಂದೇ: "ಮೇಷ್ಟ್ರೇ, ಮಕ್ಕಳು ಮನೆಯಲ್ಲಿಯೇ ಆತ್ಮರಕ್ಷಣೆಯನ್ನು ಕಲಿಯಬಹುದೇ?" ಸಂಜೆಯ ಬಸ್ಸು ತಡವಾಗುತ್ತದೆಂಬ ಭಯಕ್ಕೆ ಮಗಳ ಓದನ್ನೇ ನಿಲ್ಲಿಸಲು ಹೊರಟ ಮನೆಗಳನ್ನೂ ನಾನು ಬಲ್ಲೆ. ಆದ್ದರಿಂದ ಈ ಪ್ರಶ್ನೆಗೆ ಹೊಣೆಯರಿತು ಉತ್ತರಿಸಬೇಕಾಗಿದೆ.

ಮನೆಯಲ್ಲಿ ಸಾಮು ಮಾಡುವುದು ಪೂರ್ವಿಕರಿಗೂ ತಿಳಿದಿದ್ದ ಕ್ರಮವೇ. ಸುಮಾರು 1520ರ ವೇಳೆಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸನು ಶ್ರೀಕೃಷ್ಣದೇವರಾಯನ ದಿನಚರಿಯನ್ನು ಬರೆದಿಟ್ಟಿದ್ದಾನೆ. ಅರಸನು ಬೆಳಕು ಹರಿಯುವ ಮುನ್ನ ಎಳ್ಳೆಣ್ಣೆ ಕುಡಿದು, ಮೈಗೂ ಎಣ್ಣೆ ಸವರಿಸಿಕೊಂಡು, ಮಣ್ಣಿನಿಂದ ಮಾಡಿದ ದೊಡ್ಡ ಭಾರಗಳನ್ನು ಎತ್ತುತ್ತಿದ್ದನು. ಬೆವರು ಇಳಿಯುವ ತನಕ ಕತ್ತಿ ತಿರುಗಿಸಿ, ಅನಂತರ ತನ್ನ ಜಟ್ಟಿಗಳಲ್ಲೊಬ್ಬನೊಡನೆ ಕುಸ್ತಿಗೆ ಇಳಿಯುತ್ತಿದ್ದನು. 1565ರ ಯುದ್ಧದ ತರುವಾಯ ಆ ರಾಜ್ಯಕ್ಕೆ ರಾಜಧಾನಿಯಾದ ಪೆನುಕೊಂಡವು ನಮ್ಮ ಹಿಂದೂಪುರದ ನೆರೆಯದೇ. ಈ ದಿನಚರಿಯ ಕ್ರಮವನ್ನು ಓದುಗರು ಗಮನಿಸಬೇಕು. ಮೊದಲು ಒಬ್ಬನೇ ಮಾಡುವ ಸಾಮು. ಅನಂತರ ಎದುರಾಳಿಯೊಡನೆ ಮಾಡುವ ಸಾಮು. ಎರಡನೆಯದು ಇಲ್ಲದೆ ಮೊದಲನೆಯದು ಪೂರ್ಣವಲ್ಲ.

ಒಂಟಿ ಸಾಮಿಗೆ ಒಂದು ಚಾಪೆಯಷ್ಟು ಜಾಗ ಸಾಕು. ನಮ್ಮ ಕಡೆಯ ಮನೆಗಳ ಕಡಪ ಕಲ್ಲಿನ ನೆಲ ಒದ್ದೆಯಾದರೆ ಜಾರುತ್ತದೆ, ಮೊದಲು ಒರೆಸಿಕೊಳ್ಳಬೇಕು. ಬೇಸಗೆಯಲ್ಲಿ ಹೊತ್ತು ಏರುವ ಮುನ್ನವೇ ಮುಗಿಸುವುದು ಲೇಸು. ಐದು ನಿಮಿಷ ಭುಜ, ಸೊಂಟ, ಮೊಣಕಾಲು, ಹರಡುಗಳನ್ನು ಆಡಿಸಿ ಮೈ ಬೆಚ್ಚಗಾದ ಮೇಲೆ 10 ಬಸ್ಕಿ, 5 ದಂಡ. ದಂಡ ಬಾರದವರು ಗೋಡೆಗೆ ಕೈಯೂರಿ ಆರಂಭಿಸಲಿ. ರೂಢಿಯಾದ ಮೇಲೆ ಅರ್ಧ ತುಂಬಿದ ನೀರಿನ ಬಿಂದಿಗೆಯನ್ನು ಎದೆಗವಚಿಕೊಂಡು ಬಸ್ಕಿ ಹೊಡೆಯಬಹುದು. ಅರಸನ ಮಣ್ಣಿನ ಭಾರಕ್ಕೆ ಇದು ಬಡವರ ಬದಲಿ.

ಬಳಿಕ ಮುಷ್ಟಿಯುದ್ಧದ ಅಭ್ಯಾಸ. ಎಡಗಾಲು ಮುಂದೆ, ಬಲಗಾಲಿನ ಹಿಮ್ಮಡಿ ತುಸು ಮೇಲೆ, ಗದ್ದ ಕೆಳಗೆ, ಎರಡೂ ಮುಷ್ಟಿಗಳು ಕೆನ್ನೆಯ ಬಳಿ. ಎಡಗೈಯವರು ಇದನ್ನು ತಿರುಗಿಸಿಕೊಳ್ಳಬೇಕು. ಗಾಳಿಯಲ್ಲಿ ಗುದ್ದುವಾಗ ಉಸಿರನ್ನು ಹೊರಬಿಡಬೇಕು. ಮೊಣಕೈಯನ್ನು ಪೂರಾ ಸೆಟೆಸಬಾರದು, ಕೀಲು ನೋಯುತ್ತದೆ. ಗುದ್ದಿನ ಬಲ ತೋಳಿನಲ್ಲಿ ಹುಟ್ಟುವುದಿಲ್ಲ; ಪಾದವು ನೆಲವನ್ನು ಒತ್ತಿದ ಬಲವೇ ಸೊಂಟದ ತಿರುವಿನಿಂದ ಮುಷ್ಟಿಯನ್ನು ಮುಟ್ಟುತ್ತದೆ. ಗರಡಿಯಲ್ಲಿ ಬಸ್ಕಿಗೆ ಅಷ್ಟು ಬೆಲೆ ಏಕೆಂಬುದು ಇಲ್ಲಿ ಅರ್ಥವಾಗುತ್ತದೆ. ಒಲಿಂಪಿಕ್ ಬಾಕ್ಸಿಂಗಿನಲ್ಲಿ ಒಂದು ಸುತ್ತು 3 ನಿಮಿಷ, ನಡುವೆ 1 ನಿಮಿಷ ವಿಶ್ರಾಂತಿ. ಹೊಸಬರಿಗೆ ಒಂದೊಂದು ನಿಮಿಷದ ಮೂರು ಸುತ್ತು ಸಾಕು.

ಗುದ್ದುವುದಕ್ಕಿಂತ ಬೀಳುವುದನ್ನು ಕಲಿಯುವುದು ಹೆಚ್ಚು ಉಪಯುಕ್ತ. ಜಪಾನಿನಲ್ಲಿ ಜಿಗೊರೊ ಕಾನೊ 1882ರಲ್ಲಿ ಆರಂಭಿಸಿದ ಜೂಡೊ ವಿದ್ಯೆಯಲ್ಲಿ ಇದು ಮೊದಮೊದಲ ಪಾಠಗಳಲ್ಲೊಂದು. ದಪ್ಪ ಹಾಸಿಗೆಯ ಮೇಲೆ ಕುಕ್ಕರುಗಾಲಲ್ಲಿ ಕುಳಿತು, ಗದ್ದವನ್ನು ಎದೆಗೆ ಒತ್ತಿ, ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ಹಿಂದಕ್ಕೆ ಉರುಳಬೇಕು. ಎರಡೂ ತೋಳುಗಳಿಂದ ಹಾಸಿಗೆಯನ್ನು ಬಡಿಯಬೇಕು. ಕೈಯನ್ನು ಹಿಂದಕ್ಕೆ ಊರಿದರೆ ಮಣಿಕಟ್ಟು ಮುರಿಯಬಹುದು. ಈ ಪಾಠ ಕಳ್ಳರು ಬರದಿದ್ದರೂ ಬಚ್ಚಲಿನಲ್ಲಿ ಜಾರಿದ ದಿನ ನೆರವಿಗೆ ಬರುತ್ತದೆ.

ಇಷ್ಟನ್ನು ಒಬ್ಬರೇ ಮಾಡಬಹುದು. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮ, ಎರಡು ದಿನ ಸ್ನಾಯುಬಲದ ವ್ಯಾಯಾಮ, ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಒಂಟಿ ಸಾಮು ಆ ಲೆಕ್ಕವನ್ನು ತುಂಬಿಸುತ್ತದೆ. ಹೃದಯದ ತೊಂದರೆ, ರಕ್ತದೊತ್ತಡ ಉಳ್ಳವರೂ ಗರ್ಭಿಣಿಯರೂ ಮೊದಲು ವೈದ್ಯರನ್ನು ಕೇಳತಕ್ಕದ್ದು.

ಆದರೆ ಇದನ್ನೇ ಆತ್ಮರಕ್ಷಣೆಯೆಂದು ಭ್ರಮಿಸಬಾರದು. ಗಾಳಿ ತಿರುಗಿ ಹೊಡೆಯುವುದಿಲ್ಲ, ಕೈ ಹಿಡಿದು ಎಳೆಯುವುದಿಲ್ಲ. ಒಂದು ಮಣಿಕಟ್ಟಿನ ಹಿಡಿತವನ್ನೇ ನೋಡಿ. ಹಿಡಿದವನ ಹೆಬ್ಬೆರಳಿನ ಕಡೆ ಹಿಡಿತ ದುರ್ಬಲ; ಆ ಕಡೆಗೆ ಮಣಿಕಟ್ಟನ್ನು ತಿರುಗಿಸಿ, ಮೊಣಕೈ ಮಡಿಸಿ ಎಳೆದುಕೊಂಡರೆ ಬಿಡಿಸಿಕೊಳ್ಳಬಹುದು. ಓದಿದರೆ ಸುಲಭ. ಅಣ್ಣನೋ ಚಿಕ್ಕಮ್ಮನೋ ನಿಜವಾಗಿ ಬಿಗಿ ಹಿಡಿದಾಗ ಮಾತ್ರ ಎಷ್ಟು ಬಲ ಬೇಕು, ಎಷ್ಟು ಬೇಗ ಬೇಕು ಎಂಬುದು ತಿಳಿಯುತ್ತದೆ. ಆದ್ದರಿಂದ ವಾರಕ್ಕೆ ಎರಡು ದಿನವಾದರೂ ಮನೆಯವರೊಡನೆ ಜೋಡಿ ಸಾಮು ಇರಲಿ. ಹಿಡಿತವನ್ನು ದಿನದಿನಕ್ಕೆ ಬಿಗಿ ಮಾಡುತ್ತ ಹೋಗಲಿ. ಸಾಧ್ಯವಾದರೆ ಬಲ್ಲ ಗುರುವಿನ ಬಳಿಗೂ ಹೋಗಲಿ.

ಬಿಡಿಸಿಕೊಂಡ ಮೇಲೆ ನಿಲ್ಲಬಾರದು, ಓಡಬೇಕು, ಗಟ್ಟಿಯಾಗಿ ಕೂಗಬೇಕು, 112ಕ್ಕೆ ಕರೆ ಮಾಡಬೇಕು. ಕೂಗುವುದನ್ನೂ ಮನೆಯಲ್ಲಿ ಅಭ್ಯಾಸ ಮಾಡಿಸಬೇಕು. ಮೆಲ್ಲಗೆ ಮಾತನಾಡೆಂದು ಹೇಳಿಸಿಕೊಂಡು ಬೆಳೆದ ಹುಡುಗಿಗೆ ಆಪತ್ತಿನಲ್ಲಿ ದನಿಯೇ ಹೊರಡದು. ಕಾನೂನೂ ಇದಕ್ಕೆ ಒಪ್ಪುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯ ಹಕ್ಕನ್ನು ಮಾನ್ಯ ಮಾಡುತ್ತವೆ; ಆದರೆ ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚಿನ ಹಾನಿ ಮಾಡಲು ಅನುಮತಿ ಇಲ್ಲ. ಬಿದ್ದವನನ್ನು ಮತ್ತೆ ಹೊಡೆಯುವುದು ರಕ್ಷಣೆಯಲ್ಲ.

ಹಿಂದಿನ ಗರಡಿಮನೆಗಳು ಬಹುಮಟ್ಟಿಗೆ ಗಂಡಸರಿಗೇ ಮೀಸಲಾಗಿದ್ದವು. ಒಲಿಂಪಿಕ್ಸಿನಲ್ಲಿಯೂ ಮಹಿಳಾ ಬಾಕ್ಸಿಂಗಿಗೆ ಸ್ಥಾನ ದೊರೆತದ್ದು 2012ರಲ್ಲಿ. ಆ ವರ್ಷವೇ ಮಣಿಪುರದ ಮೇರಿ ಕೋಮ್ ಕಂಚು ಗೆದ್ದರು. ಮನೆಯಂಗಳದ ಗರಡಿಗೆ ಅಂಥ ಕಟ್ಟಳೆ ಇಲ್ಲ. ಮಗನ ಪಕ್ಕದಲ್ಲಿ ಮಗಳೂ ಬಸ್ಕಿ ಹೊಡೆಯಲಿ, ತಾಯಿಯೂ ಜೊತೆಗೂಡಲಿ. ಮಗಳ ಓದನ್ನು ನಿಲ್ಲಿಸುವುದಕ್ಕಿಂತ ಅವಳ ಕಾಲನ್ನೂ ದನಿಯನ್ನೂ ಗಟ್ಟಿ ಮಾಡುವುದು ಮೇಲು. ಈ ಶಾಲೆಯಲ್ಲಿ ಅಕ್ಷರ ಕಲಿತ ನಾವೆಲ್ಲರೂ ಮುಂದಿನ ಮಕ್ಕಳಿಗೆ ಅಷ್ಟನ್ನಾದರೂ ಮಾಡೋಣ.