ವಾಕ್ ಸ್ವಾತಂತ್ರ್ಯದ ಮಿತಿ: 2012ರ ಬೆಂಗಳೂರು ವದಂತಿ

2012ರ ಆಗಸ್ಟ್. ಈಶಾನ್ಯ ರಾಜ್ಯಗಳವರ ಮೇಲೆ ದಾಳಿಯಾಗಲಿದೆ ಎಂಬ ವದಂತಿ ಎಸ್ಸೆಮ್ಮೆಸ್‌ಗಳಲ್ಲಿ ಹಬ್ಬಿತು. ಬಿಟಿಎಂ ಲೇಔಟ್‌ನಂಥ ಬಡಾವಣೆಗಳ ಬಾಡಿಗೆ ಕೋಣೆಗಳಿಗೆ ಬೀಗ ಹಾಕಿ, ಚೀಲ ಹೊತ್ತು, ಸಾವಿರಾರು ಮಂದಿ ಗುವಾಹಟಿ ರೈಲು ಹತ್ತಿದರು. ನಮ್ಮೂರನ್ನು ನಂಬಿ ಬಂದವರು ಹೀಗೆ ಹೆದರಿ ಹೋದದ್ದು ಇಂದಿಗೂ ನೋವಿನ ಸಂಗತಿ. ಕೇಂದ್ರ ಸರ್ಕಾರ ಸಾಮೂಹಿಕ ಎಸ್ಸೆಮ್ಮೆಸ್‌ಗಳನ್ನು 15 ದಿನ ನಿಷೇಧಿಸಿತು.

ಇಂಥ ನಿರ್ಬಂಧಕ್ಕೆ ಆಧಾರ: ಸಂವಿಧಾನದ 19(1)(ಎ) ವಿಧಿ ವಾಕ್ ಸ್ವಾತಂತ್ರ್ಯ ಕೊಡುತ್ತದೆ; 19(2) ಸಮಂಜಸ ನಿರ್ಬಂಧಕ್ಕೆ ಅವಕಾಶ ನೀಡುತ್ತದೆ. ಅದರಲ್ಲಿ ‘ಸಾರ್ವಜನಿಕ ಸುವ್ಯವಸ್ಥೆ’ ಸೇರಿದ್ದು 1951ರ ಮೊದಲ ತಿದ್ದುಪಡಿಯಿಂದ.

ಈ ನಿರ್ಬಂಧಕ್ಕೂ ಮಿತಿಯುಂಟು: ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ (24 ಮಾರ್ಚ್ 2015) ಸುಪ್ರೀಂ ಕೋರ್ಟ್ ಆಕ್ಷೇಪಾರ್ಹ ಆನ್‌ಲೈನ್ ಸಂದೇಶಗಳನ್ನು ಅಪರಾಧವಾಗಿಸಿದ್ದ ಐಟಿ ಕಾಯ್ದೆಯ 66ಎ ಕಲಂ ಅನ್ನು ರದ್ದುಪಡಿಸಿತು. ಚರ್ಚೆ, ಪ್ರತಿಪಾದನೆ ಎಷ್ಟೇ ಕಹಿಯಾಗಿರಲಿ, ಪ್ರಚೋದನೆಯ ಹಂತ ಮುಟ್ಟಿದಾಗ ಮಾತ್ರ ನಿರ್ಬಂಧ ಎಂದಿತು. ಆನ್‌ಲೈನ್ ಮಾಹಿತಿಯನ್ನು ತಡೆಹಿಡಿಯುವ ಅಧಿಕಾರ ಕೊಡುವ 69ಎ ಕಲಂ ಊರ್ಜಿತವಾಗಿಯೇ ಉಳಿಯಿತು.